ಏಳು ಕಾಳು

ಜತ್ತ ತಾಲೂಕಿನ ಸೊನ್ನಗೊಂಡಿಗೆ ಸೊಸಿಯಾಗಿ ಬಂದ ಮರುದಿನ
ಅಡಿಗಿ ಮನ್ಯಾಗ ತೊಗರಿಬ್ಯಾಳಿ ಹುಡುಕಿದೆ.
ಅತ್ತಿ ದುಂಡವ್ವ ಹೆಸರಬ್ಯಾಳಿ ಡಬ್ಬಿ ಕೈಗಿಟ್ಟು
“ಈ ಮನ್ಯಾಗ ಇದಽ” ಅಂದಳು.
ಅದರ ಮ್ಯಾಲ ಮಾತಿಲ್ಲ.

ತಿಳಿಯಾಕ ಮೂರು ತಿಂಗಳು ಹಿಡೀತು.

ನಾ ಹುಟ್ಟೂಕಿಂತ ಮೊದಲಿನ ಮಾತು.
ಊರು ಸಾಂಗ್ಲಿಗಿರಬೇಕೋ, ವಿಜಾಪುರಕ್ಕ ಹೋಗಬೇಕೋ,
ಕೇಳಾಕ ಮ್ಯಾಲಿನವರು ಯಾರೂ ಬರಲಿಲ್ಲಂತ
ಊರವರು ತಮ್ಮನ್ನ ತಾವಽ ಕೇಳಿಕೊಂಡರು.
ಚಾವಡಿ ಕಟ್ಟಿ ಮ್ಯಾಲ ತಾಮ್ರದ ಕೊಡ, ಬಾಯಿಗೆ ಅರಿವಿ.
ಆಳಿಗೊಂದು ಜ್ವಾಳ, ಆಳಿಗೊಂದು ತೊಗರಿ.
ಆ ಕಡೆ ಹೋಗೂದಾದ್ರ ಜ್ವಾಳ ಹಾಕು,
ಇಲ್ಲೇ ಇರೂದಾದ್ರ ತೊಗರಿ.
ಸಾಲಿ ಮಾಸ್ತರ ರೇವಗೊಂಡ ಸಂಜಿತನಕ ಎಣಿಸಿದ,
ಕಂದೀಲು ತರಿಸಿ ಇನ್ನೊಮ್ಮೆ ಎಣಿಸಿದ.
ಜ್ವಾಳಕ್ಕ ಏಳು ಕಾಳು ಹೆಚ್ಚು.

ಹಲಗಿ ಬಾರಿಸಿದರು, ಗುಲಾಲು ಹಾರಿಸಿದರು,
ಎರಡೂ ರಾಜಧಾನಿಗೆ ಕಾಗದ ಬರೆದರು,
ಒಂದು ಕನ್ನಡದಾಗ, ಒಂದು ಮರಾಠಿಯೊಳಗ.
ಪೋಚ್ ಬರಲಿಲ್ಲ.
ಟಪಾಲಿನವ ದೂರದಿಂದಽ ಕೈ ಆಡಿಸೂದನ್ನ ನೋಡಿ ನೋಡಿ
ಮಾಸ್ತರಗ ಬದಲಿ ಆತು.

ಗೆದ್ದವರು ಎಲ್ಲಿಗೂ ಹೋಗಲಿಲ್ಲ.
ಅದಽ ತಲಾಟಿ, ಅದಽ ಉತಾರ;
ಕರ್ನಾಟಕದ ಬಸ್ಸು ಇವತ್ತಿಗೂ ಎರಡು ಮೈಲಿ ಈಚೆ
ಬೇವಿನ ಗಿಡ ಸುತ್ತಿ ತಿರುಗತದ.
ಆದ್ರ ಊರಾಗ ಜ್ವಾಳದವರು ಆದರು, ತೊಗರಿಯವರು ಆದರು.
ಗಿರಣಿ ಎರಡು, ಚಾದಂಗಡಿ ಎರಡು,
ಹೆಣಾ ಹೊರೂ ಹೆಗಲೂ ಬ್ಯಾರೆ ಬ್ಯಾರೆ.
ಯಾವ ಪಾರ್ಟಿ ಜೀಪು ಬಂದ್ರೂ ಇಳಿಯೂಕಿಂತ ಮೊದಲು
ಕೇಳತಾರ: “ಜ್ವಾಳದ ಮನಿ ಎಷ್ಟು?”
ನನ್ನ ಮೈದುನ ಅಮಸಿದ್ದಗ ಹೆಣ್ಣು ಗಟ್ಟಿಯಾಗಿತ್ತು,
ಸೀರಿಗೆ ಅಂಚು ಆರಿಸಿದ್ದಾಗಿತ್ತು,
ಹುಡುಗಿಯ ಮುತ್ಯಾ ತೊಗರಿ ಅಂತ ಯಾರೋ ಅಂದರು.
ಆ ಸೀರಿ ನಾನಽ ಉಟ್ಟು ಹರಿದೆ.

ತೊಗರಿಯವರ ಸಂಕಟ ಇನ್ನೊಂದು:
ದಿನಾ ಎರಡು ಹೊತ್ತು
ಗೆದ್ದವರ ರೊಟ್ಟಿ ಬಡೀಬೇಕು.

ನನ್ನ ತವರು ಇಂಡಿ ಕಡೆ, ಗೆರಿ ಆಚೆ.
ಒಮ್ಮೆ ಅಪ್ಪನ್ನ ಕೇಳಿದೆ,
ಸೊನ್ನಗೊಂಡಿ ನಿಮಗ ಬೇಕಂತ ನೀವೇನು ಹಾಕಿದ್ರಿ?
ಅಪ್ಪ ಬಾಯಾಗಿನ ಎಲಿ ಉಗುಳಿ
“ಹಂಗೊಂದು ಊರು ಐತಂತ
ನಿನ್ನ ಕೊಡೂತನಕ ಗೊತ್ತಿರಲಿಲ್ಲವ್ವ” ಅಂದ.

ಕೊಡಕ್ಕ ಅರಗಿನ ಮುದ್ರಿ ಒತ್ತಿ
ಪಂಚಾಯಿತಿ ಕಪಾಟಿನ್ಯಾಗ ಇಟ್ಟಿದ್ದರು.
ಹೋದ ಶ್ರಾವಣ, ಮರು ಎಣಿಕಿ ಆಗಬೇಕಂತ ಹಟ ಹಿಡಿದು
ಮೊಮ್ಮಕ್ಕಳು ಮುದ್ರಿ ಒಡೆದರು, ಮೊಬೈಲು ಹಿಡಿದು.
ಒಳಗ ನುಸಿ, ಒಂದು ಹಿಡಿ ಬೂದುಬಣ್ಣದ ಹಿಟ್ಟು.
ಒಬ್ಬ ಬೆರಳಿಗೆ ಹಚ್ಚಿ ಮೂಸಿ ತೊಗರಿ ಅಂದ,
ಇನ್ನೊಬ್ಬ ನೆಕ್ಕಿ ಜ್ವಾಳ ಅಂದ.
ಇಬ್ಬರಿಗೂ ಜತ್ತ ದವಾಖಾನ್ಯಾಗ ಹೊಲಿಗಿ ಬಿತ್ತು.

ಆ ರಾತ್ರಿ ಅತ್ತಿ ನನಗೊಂದು ಕೇಳಿದಳು:
“ಕೊಡಕ್ಕ ಒಂದಽ ಕಾಳು ಹಾಕಿದ್ವಿ.
ಇನ್ನೊಂದು ಎಲ್ಲಾರ ಮುಷ್ಟಿಯೊಳಗಽ ಉಳೀತಲ್ಲ,
ಅದನ್ಯಾರು ಎಣಿಸ್ಯಾರ?”
ತಂದು ಏನು ಮಾಡಿದಿ ಅಂದೆ.
ನೆನಪಿಲ್ಲ ಅಂದಳು. ಆಮ್ಯಾಲ,
ಸೆರಗಿಗೆ ಕಟ್ಟಿದ್ದೆ, ಒಗಿಯೂವಾಗ ಹಳ್ಳಕ್ಕ ಹೋತೇನೋ.
ಆಮ್ಯಾಲ, ಇಲ್ಲ, ತಿಂದೆ,
ಹೊಸಾ ಮದಲಗಿತ್ತಿ, ಮುಂಜಾನಿಂದ ಹೊಟ್ಟಿಗೇನೂ ಇರಲಿಲ್ಲ.

ಮೊನ್ನೆ ಯಾವುದೋ ಚಾನೆಲ್ಲಿನ ಹುಡುಗ
ಹೆಗಲಿಗೆ ಚೀಲ, ಕೈಯಾಗ ಫಳಫಳ ಹಲಗಿ,
ಜನಾಭಿಪ್ರಾಯ ತಗೋತೀನಿ ಅಂದ.
“ಹೌದು ಇದ್ರ ಹಸಿರು, ಇಲ್ಲಾ ಅಂದ್ರ ಕೆಂಪು,
ಒತ್ತು ಅಜ್ಜಿ, ಒಂದಽ ಸಲ.”
ದುಂಡವ್ವ ಅಂಗೈ ಚಾಚಿ ಕುಂತಳು.
ಹುಡುಗ ಹಲಗಿ ಮುಂದ ಸರಿಸಿದ.
ಚಾಚಿದ ಕೈ ಹಂಗಽ ಇತ್ತು.

“ಮೊದಲು ಎರಡೂ ಕೊಡಪ್ಪ,” ಅಂದಳು.